ವಾರಸುದಾರರು ಬರುವವರೆಗೆ

ಬಸ್ ನಿಲ್ದಾಣದಲ್ಲಿ ಕಳೆದ ಸಾಮಾನುಗಳ ಕೌಂಟರ್ ನೋಡಿಕೊಳ್ಳುತ್ತಿದ್ದ ಬಂದೆರಾಯರು ಒಂದು ಹೊಸ ಮತ ಸ್ಥಾಪಿಸಿದರು ಎಂದರೆ ಅವರನ್ನು ಬಲ್ಲವರು ಯಾರೂ ನಂಬುವುದಿಲ್ಲ. ಮತ ಸ್ಥಾಪಿಸುವವರು ಒಂದು ಕಡೆ ಕೂರಬೇಕು, ಇಲ್ಲವೇ ನಿಲ್ಲಬೇಕು. ಬಂದೆರಾಯರಿಗೆ ಎರಡೂ ಬರುತ್ತಿರಲಿಲ್ಲ.

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ಚೀಟಿಯಲ್ಲಿ ಭದ್ರವಾಗಿತ್ತು. ಯಾರಾದರೂ ಮಾತು ಶುರು ಮಾಡಿದರೆ ಎರಡನೇ ವಾಕ್ಯಕ್ಕೇ ಅವರ ಬಲಮಂಡಿ ಕುಣಿಯಲು ಶುರುವಾಗುತ್ತಿತ್ತು, ಮೂರನೇ ವಾಕ್ಯಕ್ಕೆ ಕೈಯೆತ್ತಿ "ಬಂದೆ" ಎಂದು ಹೇಳಿ ಎದ್ದು ಹೋಗುತ್ತಿದ್ದರು. ಬಂದೆ ಎಂದು ಹೇಳಿ ಹೋಗುವುದು ನಾವೆಲ್ಲ ಮಾಡುವುದೇ. ಆದರೆ ನಾವು ಹೇಳಿದ ಮೇಲೆ ಬರುತ್ತೇವೆ. ಬಂದೆರಾಯರು ಅಷ್ಟರಲ್ಲಿ ಇನ್ನೊಬ್ಬರ ಬಳಿ ಅದನ್ನೇ ಹೇಳಿ ಮೂರನೆಯವರ ಕಡೆ ಹೊರಟಿರುತ್ತಿದ್ದರು. ಹಾಗಾಗಿ ನಿಲ್ದಾಣದವರು ಇಟ್ಟ ಹೆಸರೇ ಊರಿಗೆಲ್ಲ ಗಟ್ಟಿಯಾಯಿತು.

ಇದರಿಂದ ಹೆಚ್ಚು ಕಷ್ಟಪಟ್ಟವರು ಅವರ ಹೆಂಡತಿ. ಆಕೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ದಿನಕ್ಕೆ ನಲವತ್ತು ಜನ ಅಪರಿಚಿತರಿಗೆ "ಗಲ್ಲ ಇಲ್ಲಿಡಿ, ಅಲ್ಲಾಡಬೇಡಿ, ನೇರ ನೋಡಿ" ಎನ್ನುತ್ತಿದ್ದರು. ನಲವತ್ತೂ ಜನ ಕೇಳುತ್ತಿದ್ದರು. ಮನೆಯಲ್ಲಿದ್ದ ಒಬ್ಬರು ಮಾತ್ರ ಕೇಳುತ್ತಿರಲಿಲ್ಲ. ಒಂದು ತಿಂಗಳಿಂದ ಆಕೆಯ ಹತ್ತಿರ ಗಂಡನಿಗೆ ಹೇಳಬೇಕಾದ ಒಂದು ವಿಷಯವಿತ್ತು. ಅಂಗಡಿಯ ಮಾಲೀಕರು ಊರಿನ ಆಚೆ ಬದಿಯಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಿದ್ದರು. ಅದನ್ನು ಪೂರ್ತಿ ನೀವೇ ನಡೆಸಿ ಎಂದು ಆಕೆಯನ್ನು ಕೇಳಿದ್ದರು. ಒಪ್ಪಿದರೆ ಮನೆಯ ದಿನಚರಿಯೆಲ್ಲ ಬುಡಮೇಲಾಗುತ್ತದೆ, ಒಪ್ಪದಿದ್ದರೆ ಜೀವನವಿಡೀ ಕೊರಗಬೇಕಾಗುತ್ತದೆ. ವಿಷಯವನ್ನು ಸರಿಯಾಗಿ ಹೇಳಲು ಇಪ್ಪತ್ತು ನಿಮಿಷ ಬೇಕಿತ್ತು. ಆಕೆ ಏಳು ಸಲ ಶುರು ಮಾಡಿದ್ದರು. ಏಳು ಸಲವೂ "ರೀ, ಒಂದು ವಿಷಯ ಇತ್ತು" ಎಂಬಲ್ಲಿಗೆ ನಲ್ಲಿ ತೊಟ್ಟಿಕ್ಕಿತ್ತು, ಇಲ್ಲವೇ ಕರೆಗಂಟೆ ಬಾರಿಸಿತ್ತು, ಅದೂ ಇಲ್ಲದಿದ್ದರೆ ರಾಯರಿಗೆ ಬಾರಿಸಿದಂತೆ ಕೇಳಿಸಿತ್ತು. "ಹೇಳ್ತಾ ಇರು, ಬಂದೆ" ಎಂದು ಎದ್ದಿದ್ದರು. ಎದುರಿಗೆ ಖಾಲಿ ಕುರ್ಚಿ ಇಟ್ಟುಕೊಂಡು ಎಷ್ಟು ಹೊತ್ತು ಹೇಳುತ್ತಿರುವುದು? ಆಕೆ ಸುಮ್ಮನಾಗಿದ್ದರು. ಮಾಲೀಕರಿಗೆ ಉತ್ತರ ಕೊಡಲು ಇನ್ನೂ ಎರಡು ತಿಂಗಳ ಸಮಯವಿತ್ತು.

ಹೀಗಿರುವಾಗ ರಾಯರಿಗೆ ತಲೆ ಸುತ್ತಿತು. ಡಾಕ್ಟರು ರಕ್ತದೊತ್ತಡ ನೋಡಲು ಮೂರು ಸಲ ಪ್ರಯತ್ನಿಸಬೇಕಾಯಿತು, ಏಕೆಂದರೆ ಎರಡು ಸಲ ತೋಳಿಗೆ ಪಟ್ಟಿ ಕಟ್ಟಿಕೊಂಡೇ ರೋಗಿ ಕಿಟಕಿಯ ಬಳಿ ಹೋಗಿದ್ದರು. ದಿನಕ್ಕೆ ಒಂದು ಗಂಟೆ ಕುರ್ಚಿಯ ಮೇಲೆ ಕೂತು ಏನೂ ಮಾಡದೆ ಇರಬೇಕು, ಇಲ್ಲದಿದ್ದರೆ ಇನ್ನೆರಡು ವರ್ಷದಲ್ಲಿ ಮಲಗಿಯೇ ಇರಬೇಕಾಗುತ್ತದೆ ಎಂದು ಡಾಕ್ಟರು ಗದರಿದರು. "ಆಗಲಿ ಡಾಕ್ಟ್ರೇ" ಎಂದಾಗ ರಾಯರು ಆಗಲೇ ಬಾಗಿಲ ಹೊರಗಿದ್ದರು.

ಮನೆಯಲ್ಲಿ ಕೂರುವುದು ಸಾಧ್ಯವಿರಲಿಲ್ಲ. ಅಲ್ಲಿ ಅತ್ತೆ ಇದ್ದರು. ಅತ್ತೆಗೆ ಹೊಸ ಮತಗಳೆಂದರೆ ಪ್ರಾಣ. ಹಳೆಯದೇನನ್ನೂ ಅವರು ಬಿಟ್ಟಿರಲಿಲ್ಲ, ಆದರೆ ಹೊಸದು ಯಾವುದು ಬಂದರೂ ಮೊದಲ ಸಾಲಿನಲ್ಲಿ ಇರುತ್ತಿದ್ದರು. ಎಡಗಣ್ಣು ಮುಚ್ಚಿ ಸೂರ್ಯನನ್ನು ನೋಡುವವರ ಬಳಗದಲ್ಲಿ ಆರು ತಿಂಗಳು ಇದ್ದರು. ಮಗಳು ಕಣ್ಣು ಪರೀಕ್ಷಿಸಿ ಬಿಡಿಸಿದರು. ಆಮೇಲೆ ಕಂಡ ಮರಕ್ಕೆಲ್ಲ ಕ್ಷಮೆ ಕೇಳುವ ಪಂಥ. ಅದರಲ್ಲಿ ಒಂದು ಬೀದಿ ದಾಟಲು ಅರ್ಧ ದಿನ ಬೇಕಾಗುತ್ತಿತ್ತು. ಈಗ ಗುಂಯ್‌ಗುಡುವವರ ಕೂಟ. ಸಂಜೆ ಆರರಿಂದ ಏಳರವರೆಗೆ ಬಾಯಿ ಮುಚ್ಚಿ ಗುಂಯ್ ಎಂದರೆ ಒಳಗಿನ ಕಸವೆಲ್ಲ ಅದುರಿ ಉದುರುತ್ತದಂತೆ. ಅತ್ತೆಯ ಕಸ ಉದುರಿತೋ ಇಲ್ಲವೋ, ಗೂಡಿನಲ್ಲಿಟ್ಟ ಲೋಟಗಳು ದಿನಾ ಅಂಚಿಗೆ ಸರಿಯುತ್ತಿದ್ದವು. ರಾಯರು ದಿನಾ ಎದ್ದು ಒಳಕ್ಕೆ ತಳ್ಳುತ್ತಿದ್ದರು.

ಆದ್ದರಿಂದ ಅವರು ನಗರಸಭೆಯ ಸಭಾಭವನಕ್ಕೆ ಹೋಗಿ, ಸಂಜೆ ಆರರಿಂದ ಏಳರವರೆಗೆ ಒಂದು ಕೊಠಡಿ ಬೇಕು ಎಂದು ಗುಮಾಸ್ತರನ್ನು ಕೇಳಿದರು. ಒಬ್ಬರಿಗೇ ಕೊಠಡಿ ಕೊಡಲು ಬರುವುದಿಲ್ಲ, ಸಂಘ ಸಂಸ್ಥೆಗಳಿಗೆ ಮಾತ್ರ ಎಂದರು ಗುಮಾಸ್ತರು. ಸಂಗೀತಕ್ಕಾದರೆ ಏಳು ಜನರ ಸಹಿ ಬೇಕು, ವ್ಯಾಯಾಮಕ್ಕೆ ಹನ್ನೆರಡು. ಹೀಗೆ ಹಾಳೆ ತಿರುವುತ್ತಾ ಬಂದು ಕೊನೆಯ ಪುಟದಲ್ಲಿ ಅವರ ಬೆರಳು ನಿಂತಿತು. "ಹೊಸ ಮತ: ಸ್ಥಾಪಕರೊಬ್ಬರು ಸಾಕು" ಎಂದಿತ್ತು. ಯಾವ ಮತವೂ ಹನ್ನೆರಡು ಜನರ ಸಹಿಯಿಂದ ಶುರುವಾಗುವುದಿಲ್ಲ ಎಂದು ಹಿಂದೆ ಯಾರೋ ವಿಚಾರವಂತ ಅಧಿಕಾರಿ ಆಲೋಚಿಸಿ ಬರೆದಿದ್ದ ನಿಯಮ ಅದು.

"ನೀವು ಅಲ್ಲಿ ಏನು ಮಾಡ್ತೀರಿ?" ಎಂದು ಗುಮಾಸ್ತರು ಕೇಳಿದರು.

"ಏನೂ ಇಲ್ಲ. ಕೂತ್ಕೋತೀನಿ."

ಗುಮಾಸ್ತರು ಅದನ್ನು ಹಾಗೆಯೇ ಬರೆದುಕೊಂಡರು. ಸಂಸ್ಥೆಯ ಹೆಸರು, ಕೂರುವವರ ಸಭೆ. ಆಚರಣೆ, ಕೂರುವುದು. ಇತರೆ, ಏನೂ ಇಲ್ಲ. ಇಷ್ಟು ಚೊಕ್ಕವಾಗಿ ತುಂಬಿದ ಅರ್ಜಿಯನ್ನು ತಾವು ನೋಡಿಯೇ ಇಲ್ಲ ಎಂದು ಮೆಚ್ಚಿ, ಷರತ್ತುಗಳನ್ನು ಓದಿ ಹೇಳಿದರು. ಕೊಠಡಿಯ ಬಾಗಿಲು ಸಾರ್ವಜನಿಕರಿಗೆ ತೆರೆದಿರಬೇಕು. ಹೊರಗಿನ ಫಲಕದಲ್ಲಿ ಸಭೆಯ ಹೆಸರು ಹಾಕಲಾಗುತ್ತದೆ. ಎರಡು ತಿಂಗಳ ಒಳಗೆ ತನಿಖಾಧಿಕಾರಿ ಬಂದು ಇದು ನಿಜವಾದ ಮತವೇ ಎಂದು ಪರೀಕ್ಷಿಸುತ್ತಾರೆ. ಇದನ್ನು ಕೇಳಲು ರಾಯರು ಅಲ್ಲಿದ್ದರೆ ತಾನೆ? ಸಹಿ ಹಾಕಿ "ಬಂದೆ" ಎಂದು ಹೋಗಿಯಾಗಿತ್ತು. ಮನೆಯಲ್ಲಿ ಮಾತ್ರ ಸಂಜೆ ಒಂದು ಗಂಟೆ ಓಟಿ, ಅಂದರೆ ಹೆಚ್ಚುವರಿ ಕೆಲಸ ಬಿದ್ದಿದೆ ಎಂದು ಹೇಳಿದರು. ಹೆಂಡತಿಗೆ ಅವರು ಹೇಳಿದ ಮೊದಲ ಸುಳ್ಳು ಅದು. ಅದನ್ನೂ ಅವಸರದಲ್ಲಿ ಹೇಳಿದ್ದರು.

ನಾಲ್ಕನೇ ಕೊಠಡಿಯಲ್ಲಿ ಇಪ್ಪತ್ತನಾಲ್ಕು ಮಡಚುವ ಕುರ್ಚಿಗಳಿದ್ದವು. ಮೊದಲ ದಿನ ರಾಯರು ಕೂತ ಕುರ್ಚಿಯ ಹಿಂಗಾಲು ಸಡಿಲವಾಗಿತ್ತು, ಪಕ್ಕಕ್ಕೆ ವಾಲಿ ಗೋಡೆಗೆ ತಲೆ ಬಡಿಯಿತು. ನಾಳೆ ಇನ್ಯಾರಿಗಾದರೂ ಹೀಗಾಗಬಾರದಲ್ಲ ಎಂದು ಜೇಬಿನಿಂದ ಒಂದು ಚೀಟಿ ತೆಗೆದರು. ನಿಲ್ದಾಣದಲ್ಲಿ ಸಿಕ್ಕಿದ ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳಿಗೆ ದಾರ ಹಾಕಿ ಕಟ್ಟುವ ದಪ್ಪ ಕಾಗದದ ಚೀಟಿ ಅದು. ಅವರ ಜೇಬಿನಲ್ಲಿ ಯಾವಾಗಲೂ ಹತ್ತಾರು ಇರುತ್ತಿದ್ದವು. ವಸ್ತು: ಕುರ್ಚಿ. ಸಿಕ್ಕಿದ ಸ್ಥಳ: ಕೊಠಡಿ ನಾಲ್ಕು. ಕಾಲು ಸಡಿಲ ಎಂದೂ ಬರೆಯಬೇಕಿತ್ತು, ಆದರೆ ಚೀಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಇಪ್ಪತ್ತು ವರ್ಷದ ಸೇವೆಯಲ್ಲಿ ರಾಯರು ಮುದ್ರಿಸಿದ ಗೆರೆ ಬಿಟ್ಟು ಆಚೆ ಈಚೆ ಬರೆದವರಲ್ಲ. ಅಷ್ಟಕ್ಕೇ ಬಿಟ್ಟು ಚೀಟಿಯನ್ನು ಕಟ್ಟಿ, ಯಾರೂ ತಿಳಿಯದೆ ಕೂರದಿರಲಿ ಎಂದು ಆ ಕುರ್ಚಿಯನ್ನು ಎಲ್ಲರಿಗೂ ಕಾಣುವಂತೆ ಎದುರು ಗೋಡೆಗೆ ತಾಗಿಸಿ ಇಟ್ಟರು. ಚೀಟಿಯ ಕೆಳಗೆ ದಪ್ಪಕ್ಷರದಲ್ಲಿ ಮುದ್ರಿಸಿದ ಸಾಲು ಎಂದಿನಂತೆ ಇತ್ತು: "ವಾರಸುದಾರರು ಬರುವವರೆಗೆ ಕಾದಿರಿಸಲಾಗಿದೆ. ಯಾರೂ ಮುಟ್ಟಬಾರದು." ಅದರ ಕೆಳಗೆ ವಾರಸುದಾರರ ಸಹಿಗೆ ಒಂದು ಖಾಲಿ ಗೆರೆ.

ನಾಲ್ಕನೇ ದಿನ ಒಬ್ಬರು ಬಂದರು. ಮೂವತ್ತೈದು ವರ್ಷ ನಾಲ್ಕು ರಸ್ತೆ ಕೂಡುವಲ್ಲಿ ನಿಂತು ನಿವೃತ್ತರಾದ ಸಂಚಾರ ಪೊಲೀಸ್ ದಫೇದಾರರು. ಹೊರಗಿನ ಫಲಕದಲ್ಲಿ "ಕೂರುವವರ ಸಭೆ, ಎಲ್ಲರಿಗೂ ಸ್ವಾಗತ" ಎಂದು ಓದಿ ಅವರ ಕಣ್ಣಲ್ಲಿ ನೀರು ಬಂದಿತ್ತಂತೆ. ಜಗತ್ತಿನಲ್ಲಿ ಎಲ್ಲರೂ ಅವರಿಗೆ ನಿಲ್ಲಿ ಎಂದಿದ್ದರು. ಕೂರಿ ಎಂದವರು ಇದೇ ಮೊದಲು.

ರಾಯರಿಗೆ ಒಬ್ಬರೇ ಇರಬೇಕಿತ್ತು, ಆದರೆ ಬಾಗಿಲು ಸಾರ್ವಜನಿಕರದ್ದು. ರಾಯರು ಸಂಕೋಚದಿಂದ ಕೂತರು. ಆರು ಇಪ್ಪತ್ತಕ್ಕೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಕಣ್ಣಿಗೆ ಹೊಡೆಯಿತು, ಎದ್ದು ಬಲಗಡೆಯ ಮೂರನೇ ಕುರ್ಚಿಗೆ ಹೋದರು. ಆರೂ ನಲವತ್ತಕ್ಕೆ ಅಲ್ಲಿಗೂ ಬಿಸಿಲು ಬಂತು, ಮತ್ತೆ ಮೂರು ಕುರ್ಚಿ ಸರಿದರು. ದಫೇದಾರರು ಇದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡರು. ಮಾರನೆಯ ದಿನ ರಾಯರು ಎದ್ದಾಗ ಅವರೂ ಎದ್ದು ಮೂರು ಕುರ್ಚಿ ಸರಿದು ಕೂತರು. ಆ ದಿನ ಬಂದಿದ್ದ ಅಂಚೆ ಹಂಚುವ ಹೆಂಗಸು, ನಡೆದು ನಡೆದು ಪಾದ ಊದಿದಾಕೆ, ಇಬ್ಬರನ್ನೂ ನೋಡಿ ತಾನೂ ಸರಿದಳು. ಮೂರನೆಯ ವಾರಕ್ಕೆ ಇಪ್ಪತ್ತಮೂರು ಕುರ್ಚಿಗಳೂ ತುಂಬಿ, ಆರು ಇಪ್ಪತ್ತಾದರೆ ಸಭೆಗೆ ಸಭೆಯೇ ಎದ್ದು ಗಂಭೀರವಾಗಿ ಮೂರು ಕುರ್ಚಿ ಬಲಕ್ಕೆ ಸರಿಯುತ್ತಿತ್ತು. ಕೊನೆಯಲ್ಲಿದ್ದ ಮೂವರು ಸುತ್ತು ಹಾಕಿ ಎಡಕ್ಕೆ ಬರುತ್ತಿದ್ದರು. ಬದುಕಿನಲ್ಲಿ ಯಾವ ಸ್ಥಾನವೂ ಶಾಶ್ವತವಲ್ಲ ಎಂಬುದು ಇದರ ಅರ್ಥ ಎಂದು ದಫೇದಾರರು ಹೊಸಬರಿಗೆ ವಿವರಿಸುತ್ತಿದ್ದರು.

ಎದುರಿನ ಖಾಲಿ ಕುರ್ಚಿಯ ಬಗ್ಗೆ ವಿವರಿಸುವ ಅಗತ್ಯವೇ ಇರಲಿಲ್ಲ. ಎಲ್ಲವೂ ಚೀಟಿಯಲ್ಲೇ ಇತ್ತು. ಯಾರೋ ಬರುವವರಿದ್ದಾರೆ, ಕುರ್ಚಿ ಅವರದು. ಬರುವವರೆಗೆ ನಾವು ಕೂತು ಕಾಯಬೇಕು. ಅಂಚೆಯವಳಿಗೆ ಇದು ಬೇಗ ಹಿಡಿಸಿತು. ಅವಳ ಚೀಲದಲ್ಲಿ ವಿಳಾಸದಾರರು ಸಿಗದ ಕಾಗದಗಳು ಯಾವಾಗಲೂ ಇರುತ್ತಿದ್ದವು. ರಾಯರು ಒಂದೆರಡು ಸಲ ನಿಜ ಹೇಳಲು ಬಾಯಿ ತೆರೆದರು. ಆದರೆ ಅದು ಕೂರುವವರ ಸಭೆ, ಮಾತಾಡುವವರದ್ದಲ್ಲ. ಇಪ್ಪತ್ತು ಬೆರಳುಗಳು ಒಟ್ಟಿಗೆ ತುಟಿಯ ಮೇಲೆ ಹೋದವು. ಏಳು ಗಂಟೆಗೆ ಎಲ್ಲರೂ ಎದ್ದಾಗ ಹೇಳೋಣವೆಂದರೆ, ಅಷ್ಟು ಹೊತ್ತಿಗೆ ರಾಯರ ಕಾಲೇ ನಿಲ್ಲುತ್ತಿರಲಿಲ್ಲ.

ಸುದ್ದಿ ನಿಲ್ದಾಣಕ್ಕೂ ಹಬ್ಬಿತು. ಒಂದು ಮಧ್ಯಾಹ್ನ ಕೌಂಟರಿಗೆ ಒಬ್ಬ ಗೃಹಸ್ಥರು ಬಂದು, ತಮ್ಮ ಮನಸ್ಸಿನ ನೆಮ್ಮದಿ ಕಳೆದುಹೋಗಿದೆ ಎಂದರು. ರಾಯರು ರಿಜಿಸ್ಟರಿನಿಂದ ತಲೆಯೆತ್ತದೆ ಅಭ್ಯಾಸಬಲದಿಂದ "ಯಾವ ಬಸ್ಸಲ್ಲಿ?" ಎಂದು ಕೇಳಿದರು. ಗೃಹಸ್ಥರು ಸ್ತಬ್ಧರಾಗಿ ನಿಂತು ಯೋಚಿಸಿ, "ನಾನು ಯಾವತ್ತೂ ಹಾಗೆ ಯೋಚಿಸಿರಲಿಲ್ಲ ಸ್ವಾಮಿ" ಎಂದು ಕಣ್ಣೊರೆಸಿಕೊಂಡು ಹೋದರು. ಸಂಜೆ ಅವರೂ ಸಭೆಗೆ ಬಂದರು, ಜೊತೆಗೆ ಮನೆಯಿಂದ ಒಂದು ಸ್ಟೂಲನ್ನೂ ತಂದರು. ನಿಲ್ದಾಣದ ಮೇಲ್ವಿಚಾರಕರಿಗೆ ಮಾತ್ರ ತಲೆಬಿಸಿಯಾಯಿತು. ನೆಮ್ಮದಿ ಕಳೆದವರೆಲ್ಲ ಇಲ್ಲಿ ಸಾಲು ನಿಂತರೆ ಕೊಡೆ ಕಳೆದವರು ಎಲ್ಲಿಗೆ ಹೋಗಬೇಕು ಎಂದು ಅವರು ರಾಯರನ್ನು ಕರೆದು ಕೇಳಿದರು. ರಾಯರು "ಬಂದೆ" ಎಂದರು. ಮೇಲ್ವಿಚಾರಕರು ಅದರಲ್ಲೂ ಏನೋ ಅರ್ಥವಿರಬೇಕೆಂದು ಸಂಜೆಯವರೆಗೆ ತಲೆ ಕೆಡಿಸಿಕೊಂಡರು.

ಹೊಸ ಮತ ಊರಿಗೆ ಬಂದು ಅತ್ತೆಯ ಕಿವಿಗೆ ಬೀಳದಿರಲು ಸಾಧ್ಯವೆ? ಗುಂಯ್‌ಗುಡುವವರ ಕೂಟದಲ್ಲಿ ಇಬ್ಬರಿಗೆ ಹಲ್ಲು ಸಡಿಲವಾಗಿ ಕೂಟ ಒಡೆದಿತ್ತು. ಅತ್ತೆ ಒಂದು ಸಂಜೆ ನಾಲ್ಕನೇ ಕೊಠಡಿಗೆ ಬಂದು ಮೊದಲ ಸಾಲಿನಲ್ಲಿ ಜಾಗ ಹಿಡಿದು, ಸುತ್ತ ನೋಡಿದರು. ಪಕ್ಕದ ಕುರ್ಚಿಯಲ್ಲಿ, ಓಟಿ ಕೆಲಸಕ್ಕೆ ಹೋಗಿದ್ದ ಅಳಿಯ. ಅತ್ತೆ ತುಟಿ ಪಿಟಿಕ್ಕೆನ್ನಲಿಲ್ಲ, ಅಲ್ಲಿಯ ನಿಯಮ ಹಾಗಿತ್ತು. ಒಂದು ಗಂಟೆ ಕೂತರು, ಎರಡು ಸಲ ಸರಿದರು, ಏಳು ಗಂಟೆಗೆ ಅಳಿಯನ ಹಿಂದೆಯೇ ಮನೆಗೆ ನಡೆದರು. ಹೊಸಿಲು ದಾಟಿದ ಮೇಲೆ ಬಾಯಿಯ ಬೀಗ ತೆಗೆದರು.

"ನಿನ್ನ ಗಂಡ ಒಂದು ಗಂಟೆ ಕೂತಿದ್ರು ಕಣೇ. ನನ್ನ ಕಣ್ಣಾರೆ ನೋಡಿದೆ. ಎದ್ರೂ ಮತ್ತೆ ಕೂತ್ಕೊಂಡ್ರು."

ಹೆಂಡತಿ ತೊಳೆಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟರು. ಅಳಿಯಂದಿರು ಮತ ಸ್ಥಾಪಿಸಿದ್ದಾರೆ, ಊರಲ್ಲೆಲ್ಲ ಅವರಿಗೆ ಮೊದಲು ಕೂತವರು ಎಂಬ ಹೆಸರು ಬಂದಿದೆ, ತಮಗೆ ಇನ್ನು ಮೊದಲ ಸಾಲು ಖಾಯಂ ಎಂದು ಅತ್ತೆ ಹೇಳುತ್ತಲೇ ಇದ್ದರು. ಹೆಂಡತಿ ಜಗಳವಾಡಲಿಲ್ಲ. ಆಡಿದ್ದರೆ ರಾಯರಿಗೆ ಎದ್ದು ಹೋಗಲು ಒಂದು ದಾರಿಯಾದರೂ ಇರುತ್ತಿತ್ತು. ಮುಸುರೆ ಕೈಯನ್ನು ಒರೆಸಿಕೊಂಡು, "ಓಟಿ ಮುಗೀತಾ?" ಎಂದು ಮಾತ್ರ ಕೇಳಿದರು. ಆಮೇಲೆ ದಿನಾ ಸಂಜೆ ಅದನ್ನೇ, ಅದೇ ದನಿಯಲ್ಲಿ ಕೇಳಿದರು. ರಕ್ತದೊತ್ತಡ ಇಳಿಯಲಿಲ್ಲ.

ಅಂಗಡಿ ಮಾಲೀಕರ ಗಡುವು ಮುಗಿಯಲು ಮೂರು ದಿನವಿತ್ತು. ಶುಕ್ರವಾರ ತನಿಖಾಧಿಕಾರಿ ಬರುವವರೆಂದು ಗುಮಾಸ್ತರು ಹೇಳಿಕಳಿಸಿದರು. ಸಭೆಯೆಲ್ಲ ಸಡಗರಪಟ್ಟಿತು. ದಫೇದಾರರು ಹಳೆಯ ಬಿಳಿ ಕೈಗವಸು ಹಾಕಿಕೊಂಡು ಬಂದರು. ಅತ್ತೆ ಮಗಳನ್ನೂ ಎಳೆದುಕೊಂಡು ಬಂದರು. ಹೆಂಡತಿ ಹಿಂದಿನ ಸಾಲಿನಲ್ಲಿ ಕೂತು ಗಂಡನನ್ನೇ ನೋಡತೊಡಗಿದರು. ಅಂಗಡಿಯಲ್ಲಿ ಯಂತ್ರದ ಹಿಂದಿನಿಂದ ಜನರ ಕಣ್ಣೊಳಗೆ ನೋಡುತ್ತಾರಲ್ಲ, ಹಾಗೆ. ರಾಯರ ಬಲಮಂಡಿ ಕುಣಿಯತೊಡಗಿತು. ಮುಂದಿನ ಮೂರು ಸಾಲಿನವರು ಇದು ಇವತ್ತಿನ ವಿಶೇಷವೆಂದು ತಿಳಿದು ತಾವೂ ಮಂಡಿ ಕುಣಿಸಿದರು.

ತನಿಖಾಧಿಕಾರಿಗಳು ಬಂದಾಗ ಆರೂಕಾಲು. ಬೆಳಗಿನಿಂದ ಐದು ಸಂಸ್ಥೆಗಳನ್ನು ನಿಂತುಕೊಂಡೇ ಪರೀಕ್ಷಿಸಿ ಸೊರಗಿದ್ದರು. ಕಂಕುಳಲ್ಲಿ ಒಂದು ಕಡತ, ಹಣೆಯಲ್ಲಿ ಬೆವರು. ಕೊಠಡಿಯಲ್ಲಿ ಕಣ್ಣಾಡಿಸಿದರು. ಎಲ್ಲ ಕುರ್ಚಿಗಳೂ ತುಂಬಿದ್ದವು, ಒಂದನ್ನು ಬಿಟ್ಟು. ಅವರು ನೇರ ನಡೆದು ಎದುರಿನ ಕುರ್ಚಿಯಲ್ಲಿ ಕೂತು, "ಅಬ್ಬಾ" ಎಂದರು.

ಸಭೆ ಎದ್ದು ನಿಂತಿತು.

ಸಡಿಲ ಕಾಲು ಒಮ್ಮೆ ಕಿರ್ರೆಂದು ವಾಲಿ, ಅದೇನು ಪುಣ್ಯವೋ, ಹಾಗೆಯೇ ನಿಂತಿತು. ಅಂಚೆಯವಳು ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಸ್ಟೂಲಿನ ಗೃಹಸ್ಥರು ಮೊಣಕಾಲೂರಿದರು. ಅಧಿಕಾರಿಗಳು ಗಾಬರಿಯಾಗಿ, ಯಾರೂ ಏಳಬೇಕಾಗಿಲ್ಲ, ತಾವು ನಗರಸಭೆಯಿಂದ ಬಂದವರು, ಹತ್ತು ಪ್ರಶ್ನೆ ಕೇಳಿ ಹೋಗುವವರು ಎಂದರು.

"ಬರೋರು ಹೀಗೇ ಹೇಳೋದು" ಎಂದು ದಫೇದಾರರು ಪಕ್ಕದವರಿಗೆ ಹೇಳಿದರು. ಎರಡು ತಿಂಗಳಲ್ಲಿ ಸಭೆಯ ಸಮಯದಲ್ಲಿ ಕೂರುವವರೊಬ್ಬರ ಬಾಯಿಂದ ಬಂದ ಮೊದಲ ಮಾತು ಅದೇ ಇರಬೇಕು.

ಅತ್ತೆ ಮುಂದೆ ಹೋಗಿ ಅಧಿಕಾರಿಗಳ ಕೈಗೆ ನೀರಿನ ಲೋಟ ಕೊಟ್ಟು, ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರು. ಅವರು ತಡವರಿಸಿ ಜನನ ಮರಣ ವಿಭಾಗದಲ್ಲಿದ್ದೆ ಎಂದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ಎಷ್ಟು ವರ್ಷವಾಯಿತೋ, ಆ ಮನುಷ್ಯನಿಗಾಗಿ ಯಾರೂ ಹೀಗೆ ಕಾದಿರಲಿಲ್ಲ. ತನಿಖೆಗೆ ಹೋದಲ್ಲೆಲ್ಲ ಮುಖ ಗಂಟು ಹಾಕುವವರನ್ನೇ ನೋಡಿದ್ದರು. ಅವರ ಕಡತ ತೊಡೆಯಿಂದ ಜಾರಿತು, ಹೆಕ್ಕಲು ಬಗ್ಗಲಿಲ್ಲ.

ಇಲ್ಲಿ ಬಂದೆರಾಯರು ಸುಮ್ಮನಿದ್ದಿದ್ದರೆ ಇಂದಿಗೂ ಮೊದಲ ಸಾಲಿನಲ್ಲಿ ಇರುತ್ತಿದ್ದರು. ಆದರೆ ಹಿಂದಿನ ಸಾಲಿನಿಂದ ಹೆಂಡತಿ ನೋಡುತ್ತಲೇ ಇದ್ದರು. ಒಂದು ಸುಳ್ಳನ್ನೇ ದಿನಾ ಸಂಜೆ ಹೊರಬೇಕಾಗಿತ್ತು, ಎರಡನೆಯದನ್ನು ಇಡಲು ಜಾಗವಿರಲಿಲ್ಲ. ರಾಯರು ಎದ್ದು ಕುರ್ಚಿಯ ಬಳಿ ಹೋಗಿ ಚೀಟಿಯನ್ನು ಬಿಚ್ಚಿದರು.

"ಸಾರ್, ದಯವಿಟ್ಟು ಏಳಿ. ಇದರ ಹಿಂಗಾಲು ಸಡಿಲ, ಬಿದ್ದುಬಿಡ್ತೀರಿ. ಚೀಟಿ ನಂದೇ, ನಮ್ಮ ಕೌಂಟರಿಂದು. ಯಾರೂ ಬರೋರಿಲ್ಲ. ನಾನು ಜಾಗ ಬದಲಾಯಿಸ್ತಿದ್ದಿದ್ದು ಬಿಸಿಲಿಗೆ. ಡಾಕ್ಟ್ರು ಕೂತ್ಕೋ ಅಂದಿದ್ರು, ಕೂರೋದಕ್ಕೆ ಬಂದೆ. ನನಗೆ ಅದೂ ಸರಿಯಾಗಿ ಬರಲಿಲ್ಲ."

ರಾಯರು ಜೀವನದಲ್ಲಿ ಒಂದೇ ಉಸಿರಿನಲ್ಲಿ, ಎದ್ದು ಹೋಗದೆ ಆಡಿದ ಅತಿ ಉದ್ದದ ಮಾತು ಅದು. ಅವರು ಅಂದುಕೊಂಡಿದ್ದು, ಎಲ್ಲರೂ ನಗುತ್ತಾರೆ, ಇಲ್ಲವೇ ಬೈಯುತ್ತಾರೆ, ಆಮೇಲೆ ಮನೆಗೆ ಹೋಗುತ್ತಾರೆ ಎಂದು. ಯಾರೂ ಹೊರಡಲಿಲ್ಲ. ದಫೇದಾರರು ಮುಂದೆ ಬಂದರು. ಬಿಸಿಲಿಗೆ ಸರಿದರೂ ಸರಿದದ್ದು ಸರಿದದ್ದೇ, ತಮ್ಮ ಮೊಣಕಾಲಿನ ನೋವು ಇಲ್ಲಿಗೆ ಬಂದ ಮೇಲೆ ಹೋಗಿದೆ, ಅಂಚೆಯವಳ ಪಾದ ಇಳಿದಿದೆ, ಅದು ಸುಳ್ಳೇ ಎಂದು ಕೇಳಿದರು. ಮೊದಲು ಕೂತವರಿಗೇ ನಂಬಿಕೆ ಹೋಗಿರುವುದು ವಿಷಾದದ ಸಂಗತಿ, ಆದರೆ ಅದಕ್ಕಾಗಿ ಕೂತಿರುವವರನ್ನು ಎಬ್ಬಿಸಲಾಗುವುದಿಲ್ಲ ಎಂದರು. ಅತ್ತೆ ಅದಕ್ಕೆ ದನಿಗೂಡಿಸಿದರು. ಅಳಿಯ ಮನೆಯಲ್ಲೂ ಹೀಗೆಯೇ, ಯಾವುದನ್ನೂ ಪೂರ್ತಿ ಮಾಡುವುದಿಲ್ಲ ಎಂದು ಸಾಕ್ಷಿ ಹೇಳಿದರು.

ಅಧಿಕಾರಿಗಳು ಕಡತ ಹೆಕ್ಕಿಕೊಂಡು ಅಲ್ಲೇ ಕೂತು ವರದಿ ಬರೆದರು. ಒಂಬತ್ತನೇ ನಿಯಮದ ಪ್ರಕಾರ, ಸ್ಥಾಪಕನಿಲ್ಲದೆಯೂ ನಡೆಯಬಲ್ಲದ್ದೇ ನಿಜವಾದ ಮತ. ಇಲ್ಲಿ ಸ್ಥಾಪಕನ ಎದುರಿಗೇ, ಅವನ ಮಾತನ್ನು ಮೀರಿ ನಡೆಯುತ್ತಿದೆ. ಆದ್ದರಿಂದ ಮತ ನಿಜವಾದದ್ದು. ಸ್ಥಾಪಕರ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ. ಸಹಿ, ಮೊಹರು.

ನಂಬಿಕೆ ಹೋದವರಿಗೆ ಇಲ್ಲಿ ಜಾಗವಿಲ್ಲವೆಂದು ದಫೇದಾರರು ರಾಯರನ್ನು ಬಾಗಿಲಾಚೆ ಕಳಿಸಿ ಬಲಗೈ ಚಾಚಿ ತಡೆದರು, ಎಡಗೈ ಬೀಸಿ ಉಳಿದವರನ್ನು ಕುರ್ಚಿಗಳಿಗೆ ಮರಳಿಸಿದರು. ಮೂವತ್ತೈದು ವರ್ಷ ಯಾರೂ ಆ ಕೈಯನ್ನು ದಾಟಿದ್ದಿಲ್ಲ. ರಾಯರೂ ದಾಟಲಿಲ್ಲ. ಚೀಟಿ ಅವರ ಕೈಯಲ್ಲೇ ಉಳಿಯಿತು.

ದಾರಿಯಲ್ಲಿ ಹೆಂಡತಿ ಜೊತೆಗೆ ನಡೆದರು.

"ಬಿಸಿಲು ಬಂದ್ರೆ ನಮ್ಮನೇಲೂ ಸರಿದು ಕೂರಬಹುದಿತ್ತು" ಎಂದರು ಆಕೆ, ಎರಡು ಬೀದಿ ದಾಟಿದ ಮೇಲೆ. "ನಿಮಗೆ ನಮ್ಮಿಂದ ದೂರ ಹೋಗಿ ಕೂರಬೇಕಾಯ್ತು. ನಾನು ಮೂರು ತಿಂಗಳಿಂದ ಇಪ್ಪತ್ತು ನಿಮಿಷ ಕೇಳ್ತಾ ಇದ್ದೀನಿ. ಸೋಮವಾರ ಕಳೆದ್ರೆ ಕೇಳಿಯೂ ಪ್ರಯೋಜನ ಇಲ್ಲ."

ಏನು ವಿಷಯ ಎಂದು ರಾಯರು ಅಲ್ಲೇ, ರಸ್ತೆಯ ಮಧ್ಯದಲ್ಲೇ ಕೇಳಿದರು. ಆಕೆ, ನಡೆಯುತ್ತಾ ಹೇಳುವ ವಿಷಯ ಅದಲ್ಲ ಎಂದರು.

ಮರುದಿನ ಶನಿವಾರ. ಆರಕ್ಕೆ ಮೊದಲೇ ಅತ್ತೆ ಸಭೆಗೆ ಹೊರಟುಹೋದರು. ಮನೆಯಲ್ಲಿ ಗುಂಯ್ ಇಲ್ಲ, ಲೋಟಗಳು ಇದ್ದಲ್ಲೇ ಇದ್ದವು. ರಾಯರು ಅಡುಗೆಮನೆಯ ಮೇಜಿನ ಬಳಿ ಎರಡು ಕುರ್ಚಿಗಳನ್ನು ಎದುರು ಬದುರು ಹಾಕಿದರು, ಕಾಲು ಗಟ್ಟಿಯಿದೆಯೇ ಎಂದು ಎರಡನ್ನೂ ಅಲ್ಲಾಡಿಸಿ ನೋಡಿದರು. ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಒಂದರಲ್ಲಿ ಕೂತರು. ಜೇಬಿನಲ್ಲಿದ್ದ ಚೀಟಿ ಚುಚ್ಚುತ್ತಿತ್ತು, ತೆಗೆದು ಮೇಜಿನ ಮೇಲಿಟ್ಟರು. ಹೆಂಡತಿ ಬಂದು ಎದುರಿಗೆ ಕೂತರು. ಎಂಟನೇ ಸಲ ಶುರು ಮಾಡಿದರು.

ಅಂಗಡಿ ಎಲ್ಲಿದೆ, ಎಷ್ಟು ದೊಡ್ಡದು, ಮಾಲೀಕರು ಏನೆಂದರು. ರಾಯರ ಮಂಡಿ ಕುಣಿಯಿತು. ಆಕೆ ಮೇಜಿನ ಕೆಳಗೆ ತಮ್ಮ ಪಾದವನ್ನು ಅವರ ಪಾದದ ಮೇಲಿಟ್ಟು ಮುಂದುವರಿಸಿದರು. ಬೆಳಿಗ್ಗೆ ಏಳಕ್ಕೇ ಹೊರಡಬೇಕಾಗುತ್ತದೆ, ಅಮ್ಮನ ಮಾತ್ರೆ ಯಾರು ಕೊಡುವುದು. ಹನ್ನೆರಡು ವರ್ಷದಿಂದ ಬೇರೆಯವರ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ನಿಂತಿದ್ದೇನೆ, ಒಂದು ಸಲ ಮುಂದಿನ ಬಾಗಿಲ ಬೀಗ ನಾನೇ ತೆಗೆಯಬೇಕು ಅನ್ನಿಸುತ್ತದೆ.

ಆಗ ಕರೆಗಂಟೆ ಬಾರಿಸಿತು. ಈ ಸಲ ನಿಜವಾಗಿ ಬಾರಿಸಿತ್ತು. ಹಿಂದೆಯೇ ದಫೇದಾರರ ದನಿ.

"ಮೊದಲು ಕೂತವರೇ, ತಪ್ಪಾಯ್ತು. ಇವತ್ತು ಮೋಡ ಇದೆ, ಬಿಸಿಲೇ ಬಂದಿಲ್ಲ. ಸರೀಬೇಕೋ ಬೇಡವೋ ಅಂತ ಅರ್ಧ ಜನ ಎದ್ದು ನಿಂತಿದ್ದಾರೆ, ಅರ್ಧ ಜನ ಕೂತಿದ್ದಾರೆ. ನಿಮ್ಮ ಅತ್ತೆಯವರು ಬೇರೆ ಸಾಲೇ ಮಾಡಿದ್ದಾರೆ. ಒಂದ್ನಿಮಿಷ ಬಂದು ಹೇಳಿಹೋಗಿ."

ಮೂವತ್ತು ಜನರ ಸಭೆ ತಮ್ಮ ಒಂದು ಮಾತಿಗೆ ಕಾದಿದೆ. ರಾಯರ ಎರಡು ಕಾಲೂ ತಾವಾಗಿ ನೆಲ ಒತ್ತಿದವು, ಕೈ ಮೇಲೆದ್ದಿತು, "ಬಂ" ಎಂಬುದು ತುಟಿಯವರೆಗೆ ಬಂದಿತ್ತು.

ಹೆಂಡತಿ ಮೇಜಿನ ಮೇಲಿದ್ದ ಚೀಟಿಯನ್ನು ಎಳೆದುಕೊಂಡರು. ಅವರ ಜೇಬಿನಿಂದಲೇ ಪೆನ್ನು ತೆಗೆದು, ವಾರಸುದಾರರ ಸಹಿ ಎಂಬ ಖಾಲಿ ಗೆರೆಯ ಮೇಲೆ ತಮ್ಮ ಸಹಿ ಹಾಕಿದರು. ಚೀಟಿಯ ದಾರವನ್ನು ಗಂಡನ ಅಂಗಿಯ ಎರಡನೇ ಗುಂಡಿಗೆ ಸುತ್ತಿ ಗಂಟು ಹಾಕಿದರು.

ರಾಯರು ತಲೆ ಬಗ್ಗಿಸಿ ಚೀಟಿಯನ್ನು ಓದಿದರು. ಗೆರೆಯ ಮೇಲೆ, ಅಚ್ಚುಕಟ್ಟಾಗಿ, ಆಚೆ ಈಚೆ ಹೋಗದೆ ಸಹಿಯಿತ್ತು. ಇಪ್ಪತ್ತು ವರ್ಷದಲ್ಲಿ ಅವರು ಸಹಿಯಿಲ್ಲದೆ ಒಂದು ಕರವಸ್ತ್ರವನ್ನೂ ಬಿಟ್ಟುಕೊಟ್ಟವರಲ್ಲ. ಸಹಿಯಾದ ಮೇಲೆ ಒಂದು ಗುಂಡುಸೂಜಿಯನ್ನೂ ಇಟ್ಟುಕೊಂಡವರಲ್ಲ. ಹೊರಗೆ ಗಂಟೆ ಇನ್ನೆರಡು ಸಲ ಬಾರಿಸಿ, ಬೂಟಿನ ಸದ್ದು ಮೆಟ್ಟಿಲಿಳಿದು ಹೋಯಿತು. ಎತ್ತಿದ ಕೈಯನ್ನು ಅವರು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಬೀಗ ತೆಗೀಬೇಕು ಅಂದೆಯಲ್ಲ" ಎಂದರು. "ಆಮೇಲೆ?"